ಜಂಜೀರಾದಿಂದ ಯಲ್ಲಾಪುರದವರೆಗೆ: ಸಿದ್ದಿಗಳ ಊರಿಗೆ ಹೋಗುವ ಮುನ್ನ

ಡೊಂಬಿವಲಿ, ಕಲ್ಯಾಣದ ನಿಮ್ಮಲ್ಲಿ ಅನೇಕರು ಪಿಕ್‌ನಿಕ್ಕಿಗೆಂದು ಮುರುಡ್‌ಗೆ ಹೋಗಿ ಜಂಜೀರಾ ಕೋಟೆ ನೋಡಿ ಬಂದಿರುತ್ತೀರಿ. ಶಿವಾಜಿ, ಸಂಭಾಜಿ ಇಬ್ಬರಿಗೂ ದಕ್ಕದ ಆ ಕೋಟೆಯನ್ನು ಕಾಯ್ದವರು ಆಫ್ರಿಕಾ ಮೂಲದ ಸಿದ್ದಿಗಳು. 1689ರಲ್ಲಿ ಸಿದ್ದಿ ಯಾಕೂತ್ ಖಾನನ ಸೈನ್ಯ ಶಿವಡಿಯಲ್ಲಿ ಇಳಿದು, ಮಝಗಾಂವ್ ಹಿಡಿದು, ಮರುವರ್ಷದವರೆಗೆ ಇಂಗ್ಲಿಷರನ್ನು ಮುಂಬಯಿ ಕೋಟೆಯೊಳಗೇ ಕೂಡಿಹಾಕಿತ್ತು. ಜಂಜೀರಾ ಸಂಸ್ಥಾನ ಭಾರತದಲ್ಲಿ ವಿಲೀನವಾದದ್ದು 1948ರಲ್ಲಿ.

ಅದೇ ಹೆಸರಿನ ಜನ ನಮ್ಮ ಉತ್ತರ ಕನ್ನಡದಲ್ಲೂ ಇದ್ದಾರೆ. ಆದರೆ ಅವರ ಕಥೆ ಬೇರೆ. ಅವರಲ್ಲಿ ಹೆಚ್ಚಿನವರ ಪೂರ್ವಜರನ್ನು ಪೋರ್ಚುಗೀಸರು ಮೊಜಾಂಬಿಕ್ ಕಡೆಯಿಂದ ಗುಲಾಮರನ್ನಾಗಿ ಗೋವೆಗೆ ತಂದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟ ಹತ್ತಿ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡದ ಕಾಡು ಸೇರಿದರು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಮನೆಯಲ್ಲಿ ಕೊಂಕಣಿ ಬೆರೆತ ಮಾತು, ಹೊರಗೆ ಕನ್ನಡ. ಮನೆಯಲ್ಲಿ ಕನ್ನಡ, ಲೋಕಲ್ ಟ್ರೇನಿನಲ್ಲಿ ಮರಾಠಿ ಆಡುವ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ!

ಕಾಡು ಅವರಿಗೆ ಆಶ್ರಯ ಕೊಟ್ಟಿತು, ಭೂಮಿಯ ಪಟ್ಟಾ ಕೊಡಲಿಲ್ಲ. ಜೇನು, ಕಾಡುತ್ಪತ್ತಿ, ಅಡಿಕೆ ತೋಟದ ಕೂಲಿ, ಇದೇ ಬದುಕು. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಬೆಳಗಾವಿ, ಧಾರವಾಡದವರಿಗೆ 2020ರಲ್ಲಿ. ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು.

ಈ ನಡುವೆ ಪ್ರವಾಸಿಗರು ಬಂದರು. ದಾಂಡೇಲಿ-ಅಣಶಿ ಕಾಡು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ಕಾಳಿ ಎಂಬ ಹೆಸರು ಬಂತು. ಸುತ್ತ ರೆಸಾರ್ಟುಗಳು ಎದ್ದವು. ಸಂಜೆ ಬೆಂಕಿ ಹಾಕಿ, ಡಮಾಮಿ ವಾದ್ಯ ಬಾರಿಸಿ ಸಿದ್ದಿಗಳು ಕುಣಿಯುವುದು ಅತಿಥಿಗಳ ಮನರಂಜನೆಯಾಯಿತು. ಕುಣಿದವರಿಗೆ ಒಂದು ಸಂಜೆಯ ಸಂಭಾವನೆ, ಉಳಿದ ಲಾಭ ಮಾಲೀಕರಿಗೆ. ಅವರ ಕೂದಲು ಮುಟ್ಟಿ ನೋಡುವವರು, ‘ಯಾವ ದೇಶದವರು?’ ಎಂದು ಕೇಳುವವರು ಬೇರೆ.

ಇದಕ್ಕೆ ಉತ್ತರವೆಂಬಂತೆ ಯಲ್ಲಾಪುರ ತಾಲೂಕಿನಲ್ಲಿ ಸಿದ್ದಿ ಮಹಿಳೆಯರೇ ಸೇರಿ ‘ಡಮಾಮಿ’ ಹೆಸರಿನಲ್ಲಿ ಅತಿಥಿಗೃಹ ನಡೆಸತೊಡಗಿದ್ದಾರೆ. ಅಡುಗೆ ಅವರದು, ಲೆಕ್ಕಪತ್ರವೂ ಅವರದೇ. ಕೀನ್ಯಾದ ಅರಬುಕೊ-ಸೊಕೊಕೆ ಕಾಡಿನ ಅಂಚಿನ ರೈತರು 1993ರಿಂದ ಚಿಟ್ಟೆ ಸಾಕಿ ಕಾಡಿನಿಂದಲೇ ಆದಾಯ ಪಡೆಯುತ್ತ ಬಂದರು. ಎರಡರ ಹಿಂದೆಯೂ ಇರುವ ವಿಚಾರ ಒಂದೇ: ಕಾಡಿನ ಪಕ್ಕದವರಿಗೆ ಕಾಡಿನ ಲಾಭ ತಲುಪಬೇಕು.

ಅಲ್ಲಿ ಏನು ನೋಡಬೇಕೆಂದು ಕೇಳುತ್ತೀರಾ? ಕವದಿ ನೋಡಿ. ಹಳೆಯ ಸೀರೆ, ಅಂಗಿಯ ತುಂಡುಗಳನ್ನು ಅಂಚಿನಿಂದ ನಡುವಿನ ಕಡೆಗೆ ಹೊಲಿಯುತ್ತ ಬಂದು, ಮೂಲೆಗಳಿಗೆ ‘ಫುಲಾ’ ಎಂಬ ಬಟ್ಟೆಯ ಹೂ ಕೂರಿಸುತ್ತಾರೆ. ಹೂ ಇಲ್ಲದಿದ್ದರೆ ಕವದಿ ಬೆತ್ತಲೆಯಂತೆ! ನಾಟಕದ ಹುಚ್ಚಿರುವವರು ಮಂಚಿಕೇರಿಯನ್ನೂ ನೆನೆಯಬೇಕು. 1980ರ ದಶಕದಲ್ಲಿ ನೀನಾಸಂ ಬಳಗದ ಚಿದಂಬರರಾವ್ ಜಂಬೆಯವರು ನೈಜೀರಿಯಾದ ಚಿನುವಾ ಅಚಿಬೆಯ ಕಾದಂಬರಿಯನ್ನು ‘ಕಪ್ಪು ಜನ ಕೆಂಪು ನೆರಳು’ ಎಂದು ಸಿದ್ದಿಗಳಿಂದಲೇ ಆಡಿಸಿದರು. ಆಫ್ರಿಕಾದ ಕಥೆ ಆಫ್ರಿಕಾ ಮೂಲದ ಕನ್ನಡಿಗರ ಬಾಯಲ್ಲಿ ಕನ್ನಡದಲ್ಲೇ ಕೇಳಿಸಿತು.

ಠಾಣೆ, ಪನ್ವೇಲ್‌ನಲ್ಲಿ ನಿಲ್ಲುವ ಮತ್ಸ್ಯಗಂಧ ಹತ್ತಿದರೆ ಅಂಕೋಲಾ. ಅಲ್ಲಿಂದ ಅರಬೈಲು ಘಟ್ಟ ಹತ್ತಿದರೆ ಯಲ್ಲಾಪುರ. ಮುಂದಿನ ಸಲ ಊರಿಗೆ ಹೋದಾಗ ಒಂದು ದಿನ ಹೆಚ್ಚು ಇಟ್ಟುಕೊಳ್ಳಿ. ಅವರ ಮನೆಯಲ್ಲಿ ಉಂಡು, ಊಟದ ಹಣವನ್ನು ಅವರ ಕೈಗೇ ಕೊಡಿ. ಫೋಟೋ ತೆಗೆಯುವ ಮುನ್ನ ಕೇಳಿ. ‘ಯಾವ ದೇಶದವರು?’ ಎನ್ನುವ ಬದಲು ‘ನಿಮ್ಮದು ಯಾವ ಊರು?’ ಎನ್ನಿ. ಪರವೂರಿನಲ್ಲಿ ಇಷ್ಟು ವರ್ಷ ಕಳೆದ ನಮಗೆ ಈ ಎರಡು ಪ್ರಶ್ನೆಗಳ ನಡುವಿನ ವ್ಯತ್ಯಾಸ ಗೊತ್ತೇ ಇದೆಯಲ್ಲವೇ?