ಮನೆಯ ಅಕ್ವೇರಿಯಂ: ಮೀನಿಗಿಂತ ಮೊದಲು ನೀರನ್ನು ಅರಿಯಬೇಕು

ಬೆಂಗಳೂರು: ಅಂಗಡಿಯಿಂದ ಲವಲವಿಕೆಯಿಂದ ಮನೆಗೆ ಬಂದ ಬಣ್ಣದ ಮೀನುಗಳು ತಿಂಗಳು ತುಂಬುವುದರೊಳಗೆ ಒಂದೊಂದಾಗಿ ಸಾಯುವುದು ಅಕ್ವೇರಿಯಂ ಇರಿಸಿಕೊಂಡ ಅನೇಕ ಮನೆಗಳ ಅನುಭವ. ದೋಷವನ್ನು ಸಾಮಾನ್ಯವಾಗಿ ಅಂಗಡಿಯವರ ಮೇಲೋ ಮೀನಿನ ತಳಿಯ ಮೇಲೋ ಹೊರಿಸಲಾಗುತ್ತದೆ. ಆದರೆ ಬಹುತೇಕ ಸಂದರ್ಭಗಳಲ್ಲಿ ಕಾರಣವಿರುವುದು ನೀರಿನಲ್ಲಿ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರದಂತಹ ಪ್ರದೇಶಗಳಲ್ಲಿ ಈ ಮಾತಿಗೆ ಹೆಚ್ಚಿನ ಮಹತ್ವವಿದೆ. ಇಲ್ಲಿನ ಹಲವು ಮನೆಗಳ ನಲ್ಲಿಯಲ್ಲಿ ವರ್ಷವಿಡೀ ಒಂದೇ ನೀರು ಬರುವುದಿಲ್ಲ.

ಒಂದೇ ಸಂಪು, ಮೂರು ನೀರು

ಬೆಂಗಳೂರಿಗೆ 1894ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಅರ್ಕಾವತಿಯ ನೀರು ಬಂದಿತು. 1974ರಲ್ಲಿ ಕಾವೇರಿ ನೀರಿನ ಮೊದಲ ಹಂತ ಪೂರ್ಣಗೊಂಡಿತು. ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡಿತು. ಹೀಗಿದ್ದರೂ ಅನೇಕ ಬಡಾವಣೆಗಳಲ್ಲಿ ಕಾವೇರಿ ನೀರಿನೊಂದಿಗೆ ಕೊಳವೆಬಾವಿ ಮತ್ತು ಟ್ಯಾಂಕರ್ ನೀರೂ ಒಂದೇ ಸಂಪಿಗೆ ಸೇರುತ್ತದೆ.

ಈ ಮೂರರ ಗುಣ ಬೇರೆ ಬೇರೆ. ನದಿಯಿಂದ ಬರುವ ಕಾವೇರಿ ನೀರು ಸಾಮಾನ್ಯವಾಗಿ ಕೊಳವೆಬಾವಿಯ ನೀರಿಗಿಂತ ಮೆದು. ಆದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಆಳದ ಶಿಲಾಪದರಗಳಿಂದ ಮೇಲೆತ್ತಿದ ಕೊಳವೆಬಾವಿಯ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಕರಗಿರುವುದರಿಂದ ಅದು ಗಡಸಾಗಿರುತ್ತದೆ. ಟ್ಯಾಂಕರ್ ನೀರಿನ ಮೂಲ ಪ್ರತಿ ಬಾರಿಯೂ ಬೇರೆಯಾಗಿರಬಹುದು.

ಕುಡಿಯಲು ಯೋಗ್ಯವಾದ ನೀರು ಮೀನಿಗೂ ಯೋಗ್ಯ ಎಂಬ ನಂಬಿಕೆ ಸರಿಯಲ್ಲ. ಭಾರತೀಯ ಮಾನಕ ಬ್ಯೂರೋದ ಮಾನದಂಡದಂತೆ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದಲ್ಲಿ 600ರವರೆಗೂ ಅವಕಾಶವಿದೆ. ಅಂದರೆ ಮನುಷ್ಯರು ಕುಡಿಯಬಹುದಾದ ಎರಡು ನೀರುಗಳ ನಡುವೆಯೇ ಮೂರು ಪಟ್ಟು ಅಂತರವಿರಬಹುದು. ಮೀನಿನ ದೇಹವು ಸುತ್ತಲಿನ ನೀರಿನ ಲವಣಾಂಶಕ್ಕೆ ಹೊಂದಿಕೊಂಡಿರುತ್ತದೆ. ನಿಧಾನವಾದ ಬದಲಾವಣೆಯನ್ನು ಅದು ಸಹಿಸಬಲ್ಲದು. ಒಂದೇ ದಿನದಲ್ಲಿ ಆಗುವ ದೊಡ್ಡ ಬದಲಾವಣೆಯನ್ನಲ್ಲ.

ಕಣ್ಣಿಗೆ ಕಾಣದ ಅಮೋನಿಯ

ಮೀನು ಕಿವಿರುಗಳ ಮೂಲಕ ಅಮೋನಿಯವನ್ನು ಹೊರಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅಮೋನಿಯ ಉಂಟಾಗುತ್ತದೆ. ತೊಟ್ಟಿಯಲ್ಲಿ ನೆಲೆಗೊಳ್ಳುವ ಉಪಯುಕ್ತ ಬ್ಯಾಕ್ಟೀರಿಯಾಗಳು ಇದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಹೆಚ್ಚು ಅಪಾಯಕಾರಿಯಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಮೊದಲ ತಿಂಗಳಿನಲ್ಲೇ ಮೀನುಗಳು ಸಾಯುವುದರ ಗುಟ್ಟು ಇದೇ. ಆದ್ದರಿಂದ ಆರಂಭದಲ್ಲಿ ಎರಡು ಮೂರು ಗಟ್ಟಿ ಜಾತಿಯ ಸಣ್ಣ ಮೀನುಗಳನ್ನಷ್ಟೇ ಬಿಟ್ಟು, ಆಹಾರವನ್ನು ಮಿತಗೊಳಿಸಬೇಕು. ಅಮೋನಿಯ ಮತ್ತು ನೈಟ್ರೈಟ್ ಎರಡೂ ಶೂನ್ಯಕ್ಕೆ ಇಳಿದ ಮೇಲೆ ಉಳಿದವನ್ನು ಸೇರಿಸುವುದು ಸೂಕ್ತ. ಇದನ್ನು ತಿಳಿಯಲು ಅಕ್ವೇರಿಯಂ ಅಂಗಡಿಗಳಲ್ಲಿ ಪರೀಕ್ಷಾ ಕಿಟ್ ದೊರೆಯುತ್ತದೆ.

ಕ್ಷಾರೀಯ ನೀರು ಬಳಸುವವರು ಮತ್ತೊಂದು ಅಂಶ ಗಮನಿಸಬೇಕು. ಅಮೋನಿಯದ ವಿಷಕಾರಿ ರೂಪದ ಪ್ರಮಾಣ ನೀರಿನ ಪಿಎಚ್ ಅನ್ನು ಅವಲಂಬಿಸಿದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯದಲ್ಲಿ ಈ ರೂಪ ಶೇ. 1ಕ್ಕೂ ಕಡಿಮೆ, ಪಿಎಚ್ 8 ಆದಾಗ ಸುಮಾರು ಶೇ. 5. ಅಷ್ಟೇ ಆಹಾರ ಹೆಚ್ಚಾದರೂ ಪಿಎಚ್ 8ರ ತೊಟ್ಟಿಯಲ್ಲಿ ಅದರ ಪರಿಣಾಮ ಬಹುಪಾಲು ತೀವ್ರ. ದಿನಕ್ಕೆ ಒಂದು ಅಥವಾ ಎರಡು ಬಾರಿ, ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟು ಆಹಾರ ಸಾಕು.

ನೀರಿಗೆ ತಕ್ಕ ಮೀನು

ನೀರನ್ನು ಮೀನಿಗೆ ಹೊಂದಿಸುವುದಕ್ಕಿಂತ ನೀರಿಗೆ ಹೊಂದುವ ಮೀನನ್ನು ಆರಿಸುವುದು ಸುಲಭ. ಗಡಸು ನೀರಿನಲ್ಲಿ ಗಪ್ಪಿ, ಮೋಲಿ, ಪ್ಲಾಟಿ ಚೆನ್ನಾಗಿ ಬಾಳುತ್ತವೆ. ನಿಯಾನ್ ಟೆಟ್ರಾ, ಡಿಸ್ಕಸ್ ಮೀನುಗಳಿಗೆ ಮೆದು ನೀರೇ ಹಿತ. ಗೋಲ್ಡ್‌ಫಿಶ್‌ಗೆ ತಂಪು ನೀರು ಮತ್ತು ಹೆಚ್ಚು ಜಾಗ ಬೇಕು. ಸಣ್ಣ ಗಾಜಿನ ಬುರುಡೆ ಅದಕ್ಕೆ ತಕ್ಕ ಮನೆಯಲ್ಲ.

ಆರ್‌ಒ ಯಂತ್ರದ ನೀರನ್ನು ಮಾತ್ರ ಬಳಸುವುದೂ ತಪ್ಪು. ಅದರಲ್ಲಿ ಮೀನಿಗೆ ಬೇಕಾದ ಖನಿಜಾಂಶ ತೀರ ಕಡಿಮೆ ಇರುವುದರಿಂದ ಪಿಎಚ್ ಸ್ಥಿರವಾಗಿ ನಿಲ್ಲುವುದಿಲ್ಲ. ಬಹಳ ಗಡಸಾದ ಕೊಳವೆಬಾವಿ ನೀರಿಗೆ ಆರ್‌ಒ ನೀರನ್ನು ಪ್ರತಿ ಬಾರಿ ಒಂದೇ ಪ್ರಮಾಣದಲ್ಲಿ ಬೆರೆಸಬಹುದು. ಅಪಾರ್ಟ್‌ಮೆಂಟ್‌ಗಳ ಉಪ್ಪು ಬಳಸುವ ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಆ ಸ್ಥಾನದಲ್ಲಿ ಸೋಡಿಯಂ ಸೇರಿಸುತ್ತದೆ. ಅದು ನಿಜವಾದ ಮೆದು ನೀರಿಗೆ ಸಮನಲ್ಲ.

ವಾರಕ್ಕೊಂದು ಬಕೆಟ್

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಸುಮಾರು 54 ಲೀಟರ್ ನೀರು ಹಿಡಿಯುತ್ತದೆ. ವಾರಕ್ಕೊಮ್ಮೆ ಕಾಲುಭಾಗ, ಅಂದರೆ ಒಂದು ಬಕೆಟ್‌ನಷ್ಟು ನೀರು ಬದಲಿಸಿದರೆ ಸಾಕು. ತಿಂಗಳಿಗೊಮ್ಮೆ ಎಲ್ಲ ನೀರನ್ನೂ ಚೆಲ್ಲಿ, ಕಲ್ಲುಗಳನ್ನು ಉಜ್ಜಿ ತೊಳೆಯುವ ರೂಢಿ ಹಾನಿಕರ. ಉಪಯುಕ್ತ ಬ್ಯಾಕ್ಟೀರಿಯಾಗಳೂ ಅದರೊಂದಿಗೆ ಹೋಗುತ್ತವೆ. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಬೇಕು.

ಹೊಸ ನೀರನ್ನು ಅಗಲ ಬಾಯಿಯ ಬಕೆಟ್‌ನಲ್ಲಿ ಒಂದು ದಿನ ಇಟ್ಟು, ಸಾಧ್ಯವಾದರೆ ಗಾಳಿಯ ಪಂಪ್ ಹಚ್ಚಬೇಕು. ಇದರಿಂದ ಕಾವೇರಿ ನೀರಿನ ಕ್ಲೋರಿನ್ ಹೊರಹೋಗುತ್ತದೆ. ಕೊಳವೆಬಾವಿಯ ನೀರಿಗೆ ಆಮ್ಲಜನಕ ಸೇರುತ್ತದೆ. ತುರ್ತು ಇದ್ದರೆ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕ ಬಳಸಬಹುದು. ಸಂಪನ್ನು ಬ್ಲೀಚಿಂಗ್ ಪುಡಿಯಿಂದ ತೊಳೆದ ವಾರ ನೀರು ಬದಲಿಸದಿರುವುದೇ ಕ್ಷೇಮ. ಟ್ಯಾಂಕರ್ ಬಂದ ದಿನ ಅಗ್ಗದ ಟಿಡಿಎಸ್ ಮಾಪಕದಿಂದ ತೊಟ್ಟಿಯ ನೀರನ್ನೂ ಹೊಸ ನೀರನ್ನೂ ಅಳೆಯಬೇಕು. ಅಂತರ ಹೆಚ್ಚಿದ್ದರೆ ಕಾಲುಭಾಗದ ಬದಲು ಹತ್ತನೇ ಒಂದು ಭಾಗದಂತೆ, ಹಲವು ದಿನಗಳಲ್ಲಿ ಸೇರಿಸುವುದು ಒಳಿತು.

ಹೊರತೆಗೆದ ನೀರನ್ನು ಚರಂಡಿಗೆ ಚೆಲ್ಲಬೇಕಾಗಿಲ್ಲ. ಅದರಲ್ಲಿನ ನೈಟ್ರೇಟ್ ಗಿಡಗಳಿಗೆ ಗೊಬ್ಬರ. 2024ರ ಮಾರ್ಚ್‌ನ ನೀರಿನ ಅಭಾವದಲ್ಲಿ ಕುಡಿಯುವ ನೀರನ್ನು ಕೈತೋಟ, ವಾಹನ ತೊಳೆಯುವಿಕೆ ಮುಂತಾದವಕ್ಕೆ ಬಳಸುವುದನ್ನು ಜಲಮಂಡಳಿ ನಿಷೇಧಿಸಿ 5,000 ರೂ. ದಂಡ ಘೋಷಿಸಿತ್ತು. ಇಂತಹ ನಗರದಲ್ಲಿ ಒಂದೇ ಬಕೆಟ್ ನೀರು ಮೀನಿಗೂ ಗಿಡಕ್ಕೂ ಒದಗುವುದು ಸಣ್ಣ ಮಾತಲ್ಲ.

ಚಳಿ, ಕಾಯಿಲೆ, ವಿದ್ಯುತ್ ಕಡಿತ

ಬೆಂಗಳೂರಿನ ಜನವರಿ ರಾತ್ರಿಗಳಲ್ಲಿ ಉಷ್ಣಾಂಶ 15-16 ಡಿಗ್ರಿಗೆ ಇಳಿಯುತ್ತದೆ. ಉಷ್ಣವಲಯದ ಮೀನುಗಳಿಗೆ 24ರಿಂದ 27 ಡಿಗ್ರಿ ಬೇಕು. 54 ಲೀಟರಿನ ತೊಟ್ಟಿಗೆ 50 ವ್ಯಾಟ್ ಹೀಟರ್ ಸಾಕಾಗುತ್ತದೆ. ಉಷ್ಣಾಂಶ ಏರಿಳಿದಾಗ ಬಿಳಿಚುಕ್ಕೆ ರೋಗ ತಲೆದೋರುವುದು ಸಾಮಾನ್ಯ. ಇದು ಪರೋಪಜೀವಿಯಿಂದ ಬರುವ ಕಾಯಿಲೆ. ಮೀನಿನ ಚರ್ಮದೊಳಗೆ ಅಡಗಿರುವಾಗ ಪರೋಪಜೀವಿಗೆ ಔಷಧ ತಾಗುವುದಿಲ್ಲ. ನೀರಿನಲ್ಲಿ ಈಜುವ ಹಂತದಲ್ಲಿ ಮಾತ್ರ ಸಾಯುತ್ತದೆ. ಆದ್ದರಿಂದ ಚುಕ್ಕೆ ಮಾಯವಾದ ಮೇಲೂ ಕೆಲವು ದಿನ ಚಿಕಿತ್ಸೆ ಮುಂದುವರಿಸಬೇಕು. ಹೊಸ ಮೀನನ್ನು ಎರಡು ವಾರ ಪ್ರತ್ಯೇಕವಾಗಿಟ್ಟರೆ ಕಾಯಿಲೆ ಹರಡುವುದನ್ನು ಬಹುಮಟ್ಟಿಗೆ ತಡೆಯಬಹುದು.

ಮೀನುಗಳೆಲ್ಲ ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಆಮ್ಲಜನಕದ ಕೊರತೆಯ ಅಥವಾ ಅಮೋನಿಯದ ಸೂಚನೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಕೊಳಚೆ ಸೇರಿ ಆಮ್ಲಜನಕ ಕುಸಿದಾಗ ಸಾವಿರಾರು ಮೀನುಗಳು ಸತ್ತಿದ್ದವು. ಮನೆಯ ತೊಟ್ಟಿಯಲ್ಲೂ ನಡೆಯುವುದು ಅದೇ. ಆಗ ಔಷಧ ಹುಡುಕುವ ಮೊದಲು ಸಿದ್ಧವಿಟ್ಟ ನೀರಿನಿಂದ ಕಾಲುಭಾಗ ಬದಲಿಸಿ, ಆಹಾರ ನಿಲ್ಲಿಸಿ, ಗಾಳಿ ಒದಗಿಸಬೇಕು. ವಿದ್ಯುತ್ ಕಡಿತದ ವೇಳೆಗೆ ಬ್ಯಾಟರಿಯ ಗಾಳಿಪಂಪ್ ಇರುವುದು ಅಗತ್ಯ.

ಕೆರೆಗೆ ಬಿಡಬಾರದು

ಸಾಕಲಾಗದ ಮೀನನ್ನು ಹೆಬ್ಬಾಳ, ಯಲಹಂಕ, ಜಕ್ಕೂರು ಕೆರೆಗಳಿಗೆ ಬಿಡುವುದು ಪುಣ್ಯದ ಕೆಲಸವಲ್ಲ. ಪಾಚಿ ತಿನ್ನಲೆಂದು ಕೊಳ್ಳುವ ಸಕ್ಕರ್ ಮೀನು ದೇಶದ ಹಲವು ಜಲಮೂಲಗಳಲ್ಲಿ ಹಬ್ಬಿ, ಸ್ಥಳೀಯ ಮೀನುಗಳಿಗೂ ಬಲೆ ಬೀಸುವವರ ಜೀವನೋಪಾಯಕ್ಕೂ ಕಂಟಕವಾಗಿದೆ. ಅಂತಹ ಮೀನನ್ನು ಅಂಗಡಿಗೆ ಹಿಂದಿರುಗಿಸಬಹುದು ಅಥವಾ ಸಾಕುವ ಮತ್ತೊಬ್ಬರಿಗೆ ನೀಡಬಹುದು. ಮೀನು ಸಾಕಣೆಯ ಬಗ್ಗೆ ಮಾಹಿತಿ ಬಯಸುವವರಿಗೆ ಹೆಬ್ಬಾಳದಲ್ಲೇ ಬೀದರ್‌ನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ.