ಟ್ರಂಕಿನಲ್ಲಿರೋ ಇತಿಹಾಸ: ಹುಲಿಗಿಯಿಂದ ಬಾಸೆಲ್‌ವರೆಗೆ

ಇವತ್ತಿನ ಸಂಚಿಕೆಯಲ್ಲಿ ರಾಜರಿಲ್ಲ, ಯುದ್ಧ ಇಲ್ಲ. ಇರೋದು ಬರೀ ಹಳೇ ಕಾಗದ. ನಿಮ್ಮ ಮನೆಯ ಟ್ರಂಕಿನಲ್ಲೋ, ದೇವರ ಜಗಲಿ ಪಕ್ಕದ ಬಟ್ಟೆ ಗಂಟಿನಲ್ಲೋ ಇರಬಹುದಾದ ಕಾಗದ.

ನಾನು ಹುಲಿಗಿಯಿಂದ ಮಾತಾಡ್ತಿದ್ದೀನಿ. ಹುಲಿಗೆಮ್ಮನ ಗುಡಿ ನಿಮಗೆಲ್ಲ ಗೊತ್ತು. ಪಕ್ಕದಲ್ಲೇ ಮುನಿರಾಬಾದ್, ತುಂಗಭದ್ರಾ ಡ್ಯಾಂ. ಆದ್ರೆ 1850ರ ಸುಮಾರಿಗೆ ಇಲ್ಲಿನ ಒಂದು ಒಕ್ಕಲು ಮನೆಯವರು ಯಾರ ಹತ್ರ ಸಾಲ ಮಾಡಿದ್ರು, ಬರ ಬಂದಾಗ ಏನು ಮಾರಿದ್ರು? ಅದನ್ನು ಹೇಳಬೇಕಾದ ಕಾಗದಗಳು ಮನೆಗಳಲ್ಲೇ ಉಳಿದಿವೆ, ಇಲ್ಲವೇ ಒಲೆ ಸೇರಿವೆ.

ಇಲ್ಲಿಂದ ರೈಲು ಹತ್ತಿದ್ರೆ ಗದಗ, ಅದರ ಜೋಡಿ ಊರು ಬೆಟಗೇರಿ. 1840ರ ದಶಕದಲ್ಲೇ ಬಾಸೆಲ್ ಮಿಷನ್‌ನವರು ಅಲ್ಲಿ ನೆಲೆಸಿದ್ದರು. ಅವರು ಸ್ವಿಟ್ಜರ್ಲೆಂಡಿಗೆ ತಪ್ಪದೆ ಪತ್ರ, ವರದಿ ಕಳಿಸಬೇಕಿತ್ತು. ಅವು ಇವತ್ತಿಗೂ ಬಾಸೆಲ್ ನಗರದ ಪತ್ರಾಗಾರದಲ್ಲಿವೆ. ಇಂಗ್ಲೆಂಡಿನ ಕ್ವೇಕರ್ ಪಂಥದವರದ್ದೂ ಇದೇ ಕಥೆ. 17ನೇ ಶತಮಾನದಿಂದಲೇ ಹುಟ್ಟು, ಮದುವೆ, ಸಾವು, ನಂಬಿಕೆಗಾಗಿ ಅನುಭವಿಸಿದ ಜೈಲು, ಎಲ್ಲವನ್ನೂ ತಾವೇ ಬರೆದಿಟ್ಟರು. ಮನೆಮನೆಯ ದಿನಚರಿಗಳನ್ನೂ ಜೋಪಾನ ಮಾಡಿದರು. ಲಂಡನ್ನಿನ ಫ್ರೆಂಡ್ಸ್ ಹೌಸ್ ಗ್ರಂಥಾಲಯದಲ್ಲಿ ಆ ದಾಖಲೆಗಳನ್ನು ಈಗಲೂ ನೋಡಬಹುದು. ಕ್ವೇಕರರು ಸಣ್ಣ ಸಮುದಾಯ. ಆದ್ರೂ ಗುಲಾಮಗಿರಿ ವಿರುದ್ಧದ ಹೋರಾಟದ ಚರಿತ್ರೆ ಬರೆಯೋರು ಅವರ ಕಾಗದ ಬಿಟ್ಟು ಮುಂದೆ ಹೋಗಲಾರರು. ಕಾಗದ ಉಳಿಸಿದವರ ಮಾತು ಉಳಿಯುತ್ತೆ. ಅಷ್ಟೇ ಸರಳ, ಅಷ್ಟೇ ಅನ್ಯಾಯ.

ಹಾಗಾದ್ರೆ ನಮ್ಮವರು ಬರೀಲಿಲ್ವಾ? ಬರೆದರು. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಚಿ, ಬಳಪದಿಂದ ಬರೆಯೋ ಕಡತ ನಮ್ಮದೇ. ಕೊಪ್ಪಳ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ರಾಜ್ಯದಲ್ಲಿತ್ತು. ಹಾಗಾಗಿ ಇಲ್ಲಿನ ಮನೆಗಳಲ್ಲಿ ಉರ್ದು ಕಾಗದ ಸಿಗುತ್ತೆ, ಕೆಲವು ಕಡೆ ಮೋಡಿ ಲಿಪಿಯ ಲೆಕ್ಕವೂ ಸಿಗುತ್ತೆ. ಮೊಮ್ಮಕ್ಕಳಿಗೆ ಓದಲು ಬರಲ್ಲ. ಓದಲು ಬಾರದ್ದು ರದ್ದಿ ಆಗುತ್ತೆ.

ಇನ್ನೆರಡು ಪೆಟ್ಟು ಬಿತ್ತು. ರಜಾಕಾರರ ಕಾಲದಲ್ಲಿ ಎಷ್ಟೋ ಕುಟುಂಬಗಳು ಊರು ಬಿಟ್ಟು ಗಡಿಯಾಚೆ ಹೋದವು. ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳತ್ವದ ಮುಂಡರಗಿ ಶಿಬಿರದ ಹೆಸರು ಕೇಳಿರ್ತೀರಿ. ಆಮೇಲೆ ಡ್ಯಾಂ. 1945ರಲ್ಲಿ ಅಡಿಗಲ್ಲು, 1953ರಲ್ಲಿ ನೀರು. ನಾರಾಯಣದೇವರಕೆರೆಯಂಥ ಊರುಗಳೇ ಮುಳುಗಿದವು. ಗಂಟುಮೂಟೆ ಕಟ್ಟೋ ಹೊತ್ತಲ್ಲಿ ಅಜ್ಜನ ಲೆಕ್ಕದ ಪುಸ್ತಕಕ್ಕೆ ಗಾಡಿಯಲ್ಲಿ ಜಾಗ ಎಲ್ಲಿ?

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಬರೆಯೋ ಕೈ ಹೆಚ್ಚಾಗಿ ಶಾನುಭೋಗರದ್ದು, ಗೌಡರದ್ದು, ಸಾಹುಕಾರರದ್ದು. ಜೀತಕ್ಕಿದ್ದವರು, ಕೂಲಿ ಹೆಣ್ಣುಮಕ್ಕಳು ತಾವಾಗಿ ಬರೆದಿಡಲಿಲ್ಲ. ಅವರ ಹೆಸರು ಬಂದರೆ ಸಾಲದ ವಹಿಯಲ್ಲೇ, ಒಂದು ಹೆಬ್ಬೆಟ್ಟಿನ ಗುರುತಿನ ಪಕ್ಕ. ಆ ವಹಿ ಸುಟ್ಟರೆ ಸಾಹುಕಾರನ ಲೆಕ್ಕದ ಜೊತೆ ಅವರ ಹೆಸರೂ ಹೋಗುತ್ತೆ.

ಕಾಗದ ಹೊರಗೆ ತೋರಿಸೋಕೆ ಮನೆಯವರು ಹೆದರ್ತಾರೆ: "ಹೊಲದ ತಕರಾರು ಎದ್ದರೆ?" ಆ ಭಯ ಸುಳ್ಳಲ್ಲ. ಅದಕ್ಕೆ ಮೂಲ ನಿಮ್ಮಲ್ಲೇ ಇರಲಿ, ಮೊಬೈಲಲ್ಲಿ ಫೋಟೋ ತೆಗೀರಿ. ಫ್ಲ್ಯಾಶ್ ಬೇಡ, ಕಿಟಕಿ ಬೆಳಕು ಸಾಕು. ಖಾಲಿ ಅಂತ ಕಾಣೋ ಹಿಂಬದಿಯನ್ನೂ ಬಿಡಬೇಡಿ. ಯಾರದ್ದು, ಯಾವ ಊರು, ಯಾರ ಕೈಯಿಂದ ಬಂತು, ಬರೆದಿಡಿ. ಲ್ಯಾಮಿನೇಷನ್ ಮಾಡಿಸಬೇಡಿ, ಸೆಲ್ಲೋಟೇಪ್ ಹಚ್ಚಬೇಡಿ. ಇವೆರಡೂ ಕಾಗದವನ್ನೇ ತಿಂತವೆ. ಕಡತವನ್ನಂತೂ ಒದ್ದೆ ಬಟ್ಟೆಯಿಂದ ಒರೆಸಲೇಬೇಡಿ, ಬಳಪದ ಅಕ್ಷರ ಅಳಿಸಿಹೋಗುತ್ತೆ.

ಕೊಡೋ ಮನಸ್ಸಿದ್ದರೆ ಹೊಳೆ ದಾಟಿ, ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿ ಸಂಗ್ರಹಿಸೋ ವಿಭಾಗವಿದೆ. ಬೆಂಗಳೂರಲ್ಲಿ ರಾಜ್ಯ ಪತ್ರಾಗಾರ ಇಲಾಖೆ ಇದೆ. ಕೊಡುವಾಗ ಷರತ್ತುಗಳನ್ನು ಮಾತಾಡಿ ಬರೆಸಿಕೊಳ್ಳಿ, ರಸೀದಿ ಪಡೀರಿ.

ಮಾನವಮಿ, ದೀಪಾವಳಿಗೆ ಮನೆ ಸುಣ್ಣ ಬಳಿಯುವಾಗ ಎಷ್ಟೋ ಗಂಟು ತಿಪ್ಪೆ ಸೇರ್ತವೆ. ಈ ಸಲ ಅದಕ್ಕೂ ಮುಂಚೆ ಒಮ್ಮೆ ಬಿಚ್ಚಿ ನೋಡ್ರಿ. ಅಜ್ಜಿ ಇದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ರೆಕಾರ್ಡರ್ ಆನ್ ಮಾಡಿ. ಕಾಗದ ಹೇಳದೇ ಬಿಟ್ಟದ್ದನ್ನು ಅವರು ಹೇಳ್ತಾರೆ.