ಧರ್ಮಕ್ಕೆ ಲೆಕ್ಕವಿಟ್ಟ ವೈದ್ಯರು

ಧರ್ಮಕಾರ್ಯಕ್ಕೆ ಕೈಹಾಕಿದವನು ಲೆಕ್ಕ ನೋಡಬಾರದೆಂಬ ಮಾತು ನಮ್ಮ ಜನರಲ್ಲಿ ಬಹುಕಾಲದಿಂದ ರೂಢಿಯಾಗಿದೆ. ಕೊಟ್ಟುದನ್ನು ಎಣಿಸಿದರೆ ಪುಣ್ಯವು ಕ್ಷಯಿಸುವುದೆಂದು ಹಿರಿಯರು ನಂಬಿದ್ದರು. ಆ ನಂಬಿಕೆಯಲ್ಲಿ ಒಂದು ಸೌಜನ್ಯವಿದೆ. ಆದರೆ ಅದರಿಂದಾದ ನಷ್ಟವೂ ಅಲ್ಪವಲ್ಲ. ದಾತನು ಬದುಕಿರುವವರೆಗೆ ನಡೆದು, ಅವನೊಡನೆಯೇ ಮುಚ್ಚಿಹೋದ ಛತ್ರಗಳೂ ಅರವಟ್ಟಿಗೆಗಳೂ ಪಾಠಶಾಲೆಗಳೂ ಯಾವ ಸೀಮೆಯಲ್ಲಿಲ್ಲ? ಉದಾರತೆಯು ಒಬ್ಬನ ಆಯುಷ್ಯವನ್ನು ಮೀರಿ ಬಾಳಬೇಕಾದರೆ ಏನು ಮಾಡಬೇಕು? ಈ ಪ್ರಶ್ನೆಗೆ ನೆರೆಯ ತಮಿಳುನಾಡಿನ ಮಧುರೆಯಲ್ಲಿ ಒಬ್ಬ ನೇತ್ರವೈದ್ಯರು ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟರು. ಅರವಿಂದ ಕಣ್ಣಿನ ಆಸ್ಪತ್ರೆಯ ಸ್ಥಾಪಕರಾದ ಡಾಕ್ಟರ್ ಗೋವಿಂದಪ್ಪ ವೆಂಕಟಸ್ವಾಮಿಯವರೇ ಆ ಮಹನೀಯರು.

ವೆಂಕಟಸ್ವಾಮಿಯವರು ೧೯೧೮ನೆಯ ಇಸವಿ ಅಕ್ಟೋಬರ್ ೧ರಂದು ಮಧುರೆಯ ದಕ್ಷಿಣದ ವಡಮಲಾಪುರವೆಂಬ ಹಳ್ಳಿಯಲ್ಲಿ ಒಕ್ಕಲು ಮನೆತನದಲ್ಲಿ ಜನಿಸಿದರು. ಮಧುರೆಯ ಅಮೆರಿಕನ್ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಓದಿ, ಮದರಾಸಿನ ಸ್ಟಾನ್ಲಿ ವೈದ್ಯಕೀಯ ಕಾಲೇಜಿನಿಂದ ೧೯೪೪ರಲ್ಲಿ ವೈದ್ಯ ಪದವಿ ಪಡೆದರು. ಬಂಧುವರ್ಗದ ಎಳೆಯ ಹೆಂಗಸರು ಹೆರಿಗೆಯಲ್ಲಿ ತೀರಿಕೊಂಡುದನ್ನು ಬಾಲ್ಯದಲ್ಲಿ ಕಂಡಿದ್ದ ಅವರಿಗೆ ಪ್ರಸೂತಿ ವೈದ್ಯರಾಗಬೇಕೆಂಬ ಹಂಬಲವಿದ್ದಿತು. ಆದರೆ ಸೈನ್ಯದ ವೈದ್ಯಶಾಖೆಯಲ್ಲಿ ಸೇವೆ ಸಲ್ಲಿಸುತ್ತಿದ್ದಾಗ ತೀವ್ರವಾದ ಸಂಧಿವಾತವು ಅವರನ್ನು ಹಾಸಿಗೆ ಹಿಡಿಸಿತು. ೧೯೪೮ರಲ್ಲಿ ಸೈನ್ಯವನ್ನು ಬಿಡಬೇಕಾಯಿತು. ಕೈಬೆರಳುಗಳು ಸೊಟ್ಟಗಾಗಿ ಮತ್ತೆ ನೆಟ್ಟಗಾಗಲಿಲ್ಲ. ಪ್ರಸೂತಿ ವೈದ್ಯದ ಆಸೆಯನ್ನು ಅಲ್ಲಿಗೇ ಬಿಟ್ಟು ಅವರು ನೇತ್ರವೈದ್ಯಕ್ಕೆ ತಿರುಗಿದರು. ತಮ್ಮ ಬೆರಳುಗಳಿಗೆ ಒಗ್ಗುವ ಉಪಕರಣಗಳನ್ನು ಮಾಡಿಸಿಕೊಂಡು, ಅತ್ಯಂತ ನಾಜೂಕಾದ ಈ ಶಸ್ತ್ರವಿದ್ಯೆಯನ್ನು ಛಲದಿಂದ ಅಭ್ಯಾಸ ಮಾಡಿದರು. ಆ ಕೈಗಳೇ ಮುಂದೆ ಒಂದು ಲಕ್ಷಕ್ಕೂ ಮಿಕ್ಕಿದ ಕಣ್ಣುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದುವು.

೧೯೫೬ರಲ್ಲಿ ಅವರು ಮಧುರೆಯ ಸರಕಾರಿ ವೈದ್ಯಕೀಯ ಕಾಲೇಜಿನ ನೇತ್ರವಿಭಾಗದ ಮುಖ್ಯಸ್ಥರಾದರು. ನಮ್ಮ ದೇಶದಲ್ಲಿ ಕುರುಡುತನಕ್ಕೆ ಮುಖ್ಯ ಕಾರಣವೆಂದರೆ ಕಣ್ಣಿನ ಪೊರೆ. ಒಂದು ಚಿಕ್ಕ ಶಸ್ತ್ರಚಿಕಿತ್ಸೆಯಿಂದ ನಿವಾರಣೆಯಾಗುವ ಈ ದೋಷಕ್ಕಾಗಿ ಹಳ್ಳಿಗರು ಇದ್ದ ಬದುಕನ್ನೇ ಕತ್ತಲಲ್ಲಿ ಕಳೆಯುತ್ತಿದ್ದರು. ರೋಗಿಯು ಆಸ್ಪತ್ರೆಗೆ ಬಾರದಿದ್ದರೆ ವೈದ್ಯನೇ ರೋಗಿಯ ಊರಿಗೆ ಹೋಗಬೇಕೆಂದು ಅವರು ಹಳ್ಳಿಹಳ್ಳಿಗಳಲ್ಲಿ ಶಿಬಿರಗಳನ್ನು ನಡೆಯಿಸಿದರು. ನಮ್ಮ ಬೀಳಗಿಯಲ್ಲಿ ಹುಟ್ಟಿದ ಡಾಕ್ಟರ್ ಎಂ. ಸಿ. ಮೋದಿಯವರು ಊರೂರು ಸುತ್ತಿ ಸಾವಿರಾರು ಜನಕ್ಕೆ ಕಣ್ಣು ಕೊಟ್ಟುದನ್ನು ಕನ್ನಡಿಗರು ಮರೆತಿಲ್ಲ. ವೆಂಕಟಸ್ವಾಮಿಯವರೂ ಅದೇ ದಾರಿಯ ಪಥಿಕರು. ಆ ದಾರಿಯ ಕೊನೆಯಲ್ಲಿ ಅವರು ಒಂದು ಸ್ಥಿರವಾದ ಮನೆಯನ್ನೂ ಕಟ್ಟಿದರೆಂಬುದೇ ಅವರ ವಿಶೇಷ. ೧೯೭೩ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

೧೯೭೬ರಲ್ಲಿ ಅವರು ಸರಕಾರಿ ಸೇವೆಯಿಂದ ನಿವೃತ್ತರಾದರು. ಸಾಮಾನ್ಯರು ವಿಶ್ರಾಂತಿಯನ್ನು ಬಯಸುವ ಆ ವಯಸ್ಸಿನಲ್ಲಿ, ಮಧುರೆಯ ಒಂದು ಮನೆಯಲ್ಲಿ ಕೇವಲ ೧೧ ಹಾಸಿಗೆಗಳ ಆಸ್ಪತ್ರೆಯನ್ನು ತೆರೆದರು. ತಾವು ಭಕ್ತಿಯಿಟ್ಟಿದ್ದ ಶ್ರೀ ಅರವಿಂದರ ಹೆಸರನ್ನೇ ಅದಕ್ಕೆ ಇಟ್ಟರು. ಬಡವರಿಗೆ ಧರ್ಮಾರ್ಥ ಚಿಕಿತ್ಸೆ ಮಾಡುವೆನೆಂದವರಿಗೆ ಸಾಲ ಕೊಡಲು ಬ್ಯಾಂಕುಗಳು ಮುಂದೆ ಬರಲಿಲ್ಲ. ಮನೆಯನ್ನು ಅಡವಿಟ್ಟರು, ಕುಟುಂಬದವರು ಒಡವೆಗಳನ್ನು ಒತ್ತೆಯಿಟ್ಟರು. ತಂಗಿ ಡಾಕ್ಟರ್ ನಾಚ್ಚಿಯಾರ್, ಆಕೆಯ ಪತಿ ಡಾಕ್ಟರ್ ನಂಪೆರುಮಾಳ್‌ಸ್ವಾಮಿ, ಕಟ್ಟಡ ಹಾಗೂ ಹಣಕಾಸಿನ ಹೊಣೆ ಹೊತ್ತ ತಮ್ಮ ಶ್ರೀನಿವಾಸನ್, ಹೀಗೆ ಮನೆಯೇ ಆಸ್ಪತ್ರೆಯಾಯಿತು. ಅವಿವಾಹಿತರಾಗಿಯೇ ಉಳಿದ ವೆಂಕಟಸ್ವಾಮಿಯವರಿಗೆ ಬೇರೆ ಸಂಸಾರವಿರಲಿಲ್ಲ.

ಇಲ್ಲಿಂದ ಮುಂದಿನದೇ ಚರಿತ್ರೆಯಲ್ಲಿ ನಿಲ್ಲತಕ್ಕ ಸಂಗತಿ. ಕೈಲಾದವರು ಹಣ ಕೊಡಲಿ, ಆಗದವರು ಕೊಡದಿರಲಿ. ಯಾರ ಆದಾಯವನ್ನೂ ವಿಚಾರಿಸತಕ್ಕುದಲ್ಲ. ಎರಡು ಕಡೆಯಲ್ಲಿಯೂ ಅದೇ ವೈದ್ಯರು ಸರದಿಯಂತೆ ಶಸ್ತ್ರಚಿಕಿತ್ಸೆ ಮಾಡತಕ್ಕುದು: ಇದು ಅವರ ನಿಯಮ. ಹೀಗೆ ನಡೆಯಬೇಕಾದರೆ ಪ್ರತಿಯೊಂದು ಚಿಕಿತ್ಸೆಯ ವೆಚ್ಚವೂ ತಗ್ಗಬೇಕು. ಅಮೆರಿಕೆಯ ಮೆಕ್‌ಡೊನಾಲ್ಡ್ ಉಪಾಹಾರ ಮಂದಿರಗಳಲ್ಲಿ ಎಲ್ಲಿ ಹೋದರೂ ಒಂದೇ ರುಚಿ, ಒಂದೇ ಕ್ರಮ, ಅಗ್ಗದ ಬೆಲೆ ಇರುವುದನ್ನು ಕಂಡು, ಕಣ್ಣಿನ ಚಿಕಿತ್ಸೆಗೆ ಈ ಕ್ರಮವೇಕೆ ಒದಗಬಾರದೆಂದು ಅವರು ಯೋಚಿಸಿದರು. ವೈದ್ಯನ ಮುಂದೆ ಎರಡು ಮೇಜುಗಳು. ಒಂದರಲ್ಲಿ ಕೆಲಸ ಮುಗಿಯುವಷ್ಟರಲ್ಲಿ ಮತ್ತೊಂದರಲ್ಲಿ ರೋಗಿಯು ಸಿದ್ಧನಾಗಿರುವನು. ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳಿಗೆ ಎರಡು ವರ್ಷಗಳ ಶಿಕ್ಷಣವಿತ್ತು, ದೃಷ್ಟಿ ಪರೀಕ್ಷೆಯಿಂದ ಶಸ್ತ್ರಚಿಕಿತ್ಸೆಯ ಸಹಾಯದವರೆಗೆ ಅನೇಕ ಕಾರ್ಯಗಳನ್ನು ವಹಿಸಿದರು. ಇದರಿಂದ ಅಲ್ಲಿಯ ವೈದ್ಯನೊಬ್ಬನು ವರ್ಷಕ್ಕೆ ಸುಮಾರು ೨೦೦೦ ಶಸ್ತ್ರಚಿಕಿತ್ಸೆಗಳನ್ನು ಮಾಡುವಂತಾಯಿತು. ಹಣ ಕೊಟ್ಟವರಿಂದ ಉಳಿದುದೇ ಕೊಡಲಾರದವರ ಚಿಕಿತ್ಸೆಗೆ ಸಂದಿತು. ಅರ್ಧಕ್ಕಿಂತ ಹೆಚ್ಚು ಶಸ್ತ್ರಚಿಕಿತ್ಸೆಗಳು ಉಚಿತವಾಗಿಯೋ ಅತ್ಯಲ್ಪ ವೆಚ್ಚದಲ್ಲಿಯೋ ನಡೆದುವು.

ಲೆಕ್ಕವು ಅವರಿಗೆ ಮತ್ತೊಂದು ಸತ್ಯವನ್ನೂ ಕಲಿಸಿತು. ಚಿಕಿತ್ಸೆ ಉಚಿತವೆಂದು ಸಾರಿದರೂ ಬಡವರು ಬರುತ್ತಿರಲಿಲ್ಲ. ಬಸ್ಸಿನ ಖರ್ಚು, ಊಟದ ಖರ್ಚು, ಜೊತೆಗೆ ಬಂದವನ ಕೂಲಿಯ ನಷ್ಟ, ಇವೆಲ್ಲ ಸೇರಿದರೆ ಉಚಿತವೆಂಬುದು ದುಬಾರಿಯೇ ಆಗುತ್ತಿದ್ದಿತು. ಆದುದರಿಂದ ಶಿಬಿರದಲ್ಲಿ ಆರಿಸಿದ ರೋಗಿಗಳನ್ನು ಆಸ್ಪತ್ರೆಯೇ ಬಸ್ಸಿನಲ್ಲಿ ಕರೆತಂದು, ಉಣಿಸಿ, ಕಣ್ಣು ಕೊಟ್ಟು, ಮರಳಿ ಊರು ಸೇರಿಸುವ ಏರ್ಪಾಡಾಯಿತು. ಶಿಬಿರಕ್ಕೆ ಸ್ಥಳವನ್ನೊದಗಿಸಿ ಜನರನ್ನು ಕೂಡಿಸುವ ಹೊಣೆಯನ್ನು ಆಯಾ ಊರಿನ ಸಂಘಗಳೂ ವರ್ತಕರೂ ಹೊತ್ತರು.

ಕಣ್ಣಿನೊಳಗೆ ಕೂರಿಸುವ ಮಸೂರವು ಹೊರದೇಶದಿಂದ ಬರಬೇಕಾಗಿದ್ದಾಗ ಅದರ ಬೆಲೆ ೧೦೦ ಡಾಲರುಗಳ ಆಸುಪಾಸಿನಲ್ಲಿದ್ದಿತು. ಹೀಗಾಗಿ ಧನಿಕನ ಕಣ್ಣಿಗೆ ಮಸೂರ, ಬಡವನ ಮೂಗಿನ ಮೇಲೆ ದಪ್ಪ ಕನ್ನಡಕ ಎಂಬ ಭೇದವುಂಟಾಯಿತು. ೧೯೯೨ರಲ್ಲಿ ಮಧುರೆಯಲ್ಲಿಯೇ ಅರೋಲ್ಯಾಬ್ ಎಂಬ ಕಾರ್ಖಾನೆಯನ್ನು ತೆರೆದು, ಆ ಮಸೂರವನ್ನು ಸುಮಾರು ೧೦ ಡಾಲರುಗಳಿಗೆ, ಮುಂದೆ ಇನ್ನೂ ಅಗ್ಗವಾಗಿ ಒದಗಿಸಿದರು. ತಮ್ಮ ಆಡಳಿತ ಕ್ರಮವನ್ನು ಗುಟ್ಟಾಗಿಡದೆ, ಬೇರೆ ಆಸ್ಪತ್ರೆಗಳವರಿಗೆ ಕಲಿಸಲೆಂದೇ ಒಂದು ವಿದ್ಯಾಸಂಸ್ಥೆಯನ್ನೂ ಸ್ಥಾಪಿಸಿದರು.

ಇಷ್ಟು ವೇಗದಲ್ಲಿ ಚಿಕಿತ್ಸೆ ನಡೆದರೆ ಮನುಷ್ಯನು ಯಂತ್ರದ ಬಿಡಿಭಾಗವಾಗನೆ ಎಂದು ಕೆಲವರು ಕೇಳಬಹುದು. ಉಚಿತ ವಿಭಾಗದ ರೋಗಿಯು ಚಾಪೆಯ ಮೇಲೆ ಮಲಗುವನು, ಹಣ ಕೊಟ್ಟವನಿಗೆ ಕೋಣೆ ದೊರೆಯುವುದು, ಇದೂ ನಿಜ. ಆದರೆ ಭೇದವಿದ್ದುದು ಹಾಸಿಗೆಯಲ್ಲಿ. ಶಸ್ತ್ರ ಹಿಡಿದ ಕೈಯಲ್ಲಲ್ಲ. ಕೋಣೆಯ ಸುಖವನ್ನು ಬಿಟ್ಟುಕೊಟ್ಟು ದೃಷ್ಟಿಯನ್ನು ಪಡೆದವನಿಗೆ ಈ ವ್ಯಾಪಾರದಲ್ಲಿ ನಷ್ಟವಾಯಿತೆಂದು ಹೇಳಲಾದೀತೆ? ದುಡಿದವರ ಶ್ರಮ ಮಾತ್ರ ಕಡಿಮೆಯದಲ್ಲ. ಅಲ್ಪ ಸಂಬಳಕ್ಕೆ ದೀರ್ಘಕಾಲ ದುಡಿದ ಆ ಕುಟುಂಬದವರ ತ್ಯಾಗವನ್ನು ಯಾವ ಲೆಕ್ಕದ ಪುಸ್ತಕವೂ ಪೂರ್ತಿಯಾಗಿ ಬರೆದಿಡಲಾರದು.

ವೆಂಕಟಸ್ವಾಮಿಯವರು ೨೦೦೬ನೆಯ ಇಸವಿ ಜುಲೈ ೭ರಂದು ಕಾಲವಾದರು. ಅಷ್ಟರಲ್ಲಿ ಥೇಣಿ, ತಿರುನೆಲ್ವೇಲಿ, ಕೊಯಮುತ್ತೂರು, ಪುದುಚೇರಿಗಳಲ್ಲಿಯೂ ಅವರ ಆಸ್ಪತ್ರೆಗಳು ನಿಂತಿದ್ದುವು. ಆ ಸಂಸ್ಥೆಗೆ ೨೦೦೮ರಲ್ಲಿ ಗೇಟ್ಸ್ ಪ್ರಶಸ್ತಿಯೂ ೨೦೧೦ರಲ್ಲಿ ಹಿಲ್ಟನ್ ಪ್ರಶಸ್ತಿಯೂ ಸಂದುವು. ಈ ಮನ್ನಣೆಗಳು ಸ್ಥಾಪಕರು ತೀರಿಕೊಂಡ ಮೇಲೆ ಬಂದುವೆಂಬುದನ್ನು ವಾಚಕರು ಗಮನಿಸಬೇಕು. ದಾತನೊಡನೆ ದೀಪವಾರಲಿಲ್ಲ, ಏಕೆಂದರೆ ದೀಪಕ್ಕೆ ದಿನವೂ ಎಷ್ಟು ಎಣ್ಣೆ ಬೇಕೆಂಬುದನ್ನು ಅವರು ಅಳೆದಿಟ್ಟಿದ್ದರು. ನಮ್ಮ ಜಿಲ್ಲೆಗಳಲ್ಲಿ ಧರ್ಮಸಂಸ್ಥೆಗಳನ್ನು ನಡೆಯಿಸುತ್ತಿರುವ ಮಹನೀಯರು ತಮ್ಮ ಉದಾರತೆಯ ಪಕ್ಕದಲ್ಲಿ ಒಂದು ಲೆಕ್ಕದ ಪುಸ್ತಕವನ್ನೂ ಇಟ್ಟುಕೊಳ್ಳಲಿ. ಪುಣ್ಯವು ಅದರಿಂದ ಕ್ಷಯಿಸದೆಂಬುದಕ್ಕೆ ಮಧುರೆಯ ಆಸ್ಪತ್ರೆಯೇ ಸಾಕ್ಷಿ.